ಮುಂದಿನ ಜೂನ್‌ಗೆ ನೀನೆಲ್ಲಿರ್ತೀಯ ಅಂತ ಕೇಳೋರು

(ಕೊಡಗಿನ ಸಿದ್ದಾಪುರದ ಹತ್ರ ಒಂದು ಚರ್ಚ್ ಹಾಲಲ್ಲಿ, ಕಾಫಿ ಕುಯ್ಲು ಮುಗಿದ್ಮೇಲೆ ನಡೆದ ಕೂಟದಲ್ಲಿ ಮಾತಾಡಿದ್ದು. ಬರೆದು ಕೊಡಿ ಮಿಸ್ ಅಂತ ಕೆಲವ್ರು ಕೇಳಿದ್ರು. ಬಾಯಲ್ಲಿ ಬಂದ ಹಾಗೇ ಇಟ್ಟಿದೀನಿ, ಕರೆಂಟ್ ಹೋಗಿ ಮೈಕಿಲ್ದೆ ಕಿರುಚಿದ ಭಾಗ ಮಾತ್ರ ಸ್ವಲ್ಪ ಚಿಕ್ಕದು ಮಾಡಿದೀನಿ.)

ಎಲ್ರಿಗೂ ವಂದನೆಗಳು. ಅಯ್ಯನೋರು ನಂಗೆ ಕೊಟ್ಟಿರೋ ವಿಷಯ ಮಕ್ಕಳ ಸ್ಪಾನ್ಸರ್‌ಶಿಪ್, ಅಂದ್ರೆ ಎಲ್ಲೋ ದೂರದಲ್ಲಿರೋರು ಒಬ್ರು ಒಂದು ಬಡ ಮಗುವಿಗೆ ಅಂತ ಪ್ರತಿ ತಿಂಗಳೂ ದುಡ್ಡು ಕಳಿಸೋದು, ಅದ್ರಿಂದ ಬಡವರ ಮನೆಗೆ ಭರವಸೆ ಹೇಗೆ ಬರುತ್ತೆ ಅಂತ. ಭರವಸೆ ಅನ್ನೋದನ್ನ ನಾವು ಹಾಡಲ್ಲಿ ಹೇಳ್ತೀವಿ, ಪ್ರಾರ್ಥನೇಲಿ ಹೇಳ್ತೀವಿ, ಸಾವಿನ ಮನೇಲೂ ಹೇಳ್ತೀವಿ, ಹೇಳಿ ಹೇಳಿ ಸವೆದು ಹೋಗಿದೆ. ಅದಕ್ಕೆ ಮೊದ್ಲು ಲೈನ್ ಮನೆ, ಅಂದ್ರೆ ಕಾಫಿ ತೋಟದ ಕೂಲಿಯೋರ ಸಾಲು ಮನೆ ಕಡೆ ಹೋಗೋಣ.

ಇಲ್ಲಿ ಕೂತಿರೋರಲ್ಲಿ ಎಷ್ಟೋ ಜನ ಲೈನ್ ಮನೇಲೇ ಹುಟ್ಟಿ ಬೆಳೆದೋರು, ನಿಮಗೆ ನಾನು ವಿವರಿಸೋದೇನಿಲ್ಲ. ವಾರಕ್ಕೊಂದು ಬಟವಾಡೆ, ಅದಾದ್ಮೇಲೆ ಸಂತೆ, ಅಕ್ಕಿ, ಒಣಮೀನು, ಎಲೆ ಅಡಿಕೆ ಆಗೋಷ್ಟರಲ್ಲಿ ಅರ್ಧ ಹೋಯ್ತು, ಮಿಕ್ಕಿದ್ದು ಅಂಗಡಿ ಬಾಕಿಗೆ. ಮನೇಲಿ ಮದುವೇನೋ ಆಸ್ಪತ್ರೆ ಖರ್ಚೋ ಬಂದ್ರೆ ತೋಟದ ಸಾವ್ಕಾರ್ರ ಹತ್ರ ಮುಂಗಡ, ಅದನ್ನ ಕುಯ್ಲಲ್ಲಿ ಮುರ್ಕೋತಾರೆ, ಮುರಿದು ಮುಗಿಯೋಕೆ ಮುಂಚೆ ಮಳೆ ಹಿಡಿಯುತ್ತೆ, ಮಳೇಲಿ ಕೆಲಸ ಕಮ್ಮಿ, ಮತ್ತೆ ಮುಂಗಡ. ಆ ಮನೆಗೆ ಕ್ಯಾಲೆಂಡರ್ ಅಂದ್ರೆ ಒಂದು ವಾರದ್ದು. ಹತ್ತನೇ ಕ್ಲಾಸ್ ಆದ್ಮೇಲೆ ಮಗಳನ್ನ ಏನು ಓದಿಸ್ತೀರಿ ಅಂತ ಕೇಳಿದ್ರೆ ಅವ್ರು ನಗ್ತಾರೆ, ಅದು ದಡ್ಡತನದ ನಗು ಅಂದ್ಕೋಬೇಡಿ, ನಾಲ್ಕು ವರ್ಷ ಆಚೆಗಿನ ಪ್ರಶ್ನೆ ಅವ್ರನ್ನ ಯಾರೂ ಕೇಳಿರಲ್ಲ ಅಷ್ಟೇ. ಇನ್ನು ಕುಯ್ಲು ಕೆಜಿ ಲೆಕ್ಕ, ಹನ್ನೆರಡು ವರ್ಷದ ಹುಡ್ಗೀರ ಕೈಯೂ ಕೆಜಿಗೆ ಸೇರುತ್ತೆ. ಡಿಸೆಂಬರ್‌ನಿಂದ ಫೆಬ್ರವರಿ ತನಕ ನಮ್ಮ ಕಡೆ ಸ್ಕೂಲ್‌ಗಳ ಹಾಜರಿ ಪುಸ್ತಕ ನೋಡಿ, ಗೊತ್ತಾಗುತ್ತೆ. ಆಮೇಲೆ ಜೂನ್ ಜುಲೈ ಮಳೆಗೆ ಡೀಸಿ ರಜೆ. ಅಲ್ಲಿಗೆ ವರ್ಷದಲ್ಲಿ ಪಾಠ ಆಗೋ ದಿನ ಎಷ್ಟು ಉಳೀತು ನೀವೇ ಲೆಕ್ಕ ಹಾಕಿ.

ನಾನು ಸ್ಕೂಲಲ್ಲಿ ಪಾಠ ಮಾಡ್ತಾ, ಶನಿವಾರ ಚರ್ಚಿನ ಪ್ರಾಜೆಕ್ಟಲ್ಲಿ ಸ್ಪಾನ್ಸರ್ ಮಕ್ಕಳ ಜೊತೆ ಕೆಲಸ ಮಾಡಿದೋಳು. ಅಲ್ಲಿ ನಂಗೆ ಅನ್ಸಿದ್ದು ಒಂದೇ, ಇವತ್ತು ಅದನ್ನೇ ಹೇಳೋಕೆ ಬಂದಿರೋದು. ಬ್ಯಾಗು, ಯೂನಿಫಾರ್ಮು, ಫೀಸು ಎಲ್ಲ ಬೇಕು, ಆದ್ರೆ ಆ ಮನೇನ ಬದಲಾಯಿಸಿದ್ದು ಅದಕ್ಕಿಂತ ಜಾಸ್ತಿ ಇನ್ನೊಂದು: ಈ ಮಗು ಮುಂದಿನ ವರ್ಷ ಯಾವ ಕ್ಲಾಸಲ್ಲಿರುತ್ತೆ ಅಂತ ಹೊರಗಿನೋರು ಯಾರೋ ಒಬ್ರು ಹೆಸರಿಟ್ಟು ಕೇಳ್ತಿದ್ರು, ವರ್ಷ ವರ್ಷ ಬಿಡದೆ ಕೇಳ್ತಿದ್ರು. ಕೇಳೋರು ಇದಾರೆ ಅಂದ್ಮೇಲೆ ಮನೆಯೋರೂ ಯೋಚನೆ ಮಾಡೋಕೆ ಶುರು ಮಾಡ್ತಾರೆ.

ಈ ಪದ್ಧತಿ ಎಲ್ಲಿಂದ ಬಂತು ಅಂತ ಸ್ವಲ್ಪ ಹೇಳ್ಬಿಡ್ತೀನಿ. ಹುಟ್ಟಿದ್ದೆಲ್ಲ ಯುದ್ಧದಲ್ಲಿ. 1937ರಲ್ಲಿ ಸ್ಪೇನ್ ದೇಶದ ಅಂತರ್ಯುದ್ಧದಲ್ಲಿ ಜಾನ್ ಲ್ಯಾಂಗ್‌ಡನ್ ಡೇವಿಸ್ ಅನ್ನೋ ಬ್ರಿಟಿಷ್ ಪತ್ರಕರ್ತ ಒಬ್ಬ ಹುಡುಗನ್ನ ನೋಡ್ತಾನೆ, ಅವನ ಹತ್ರ ಒಂದು ಚೀಟಿ, ಅಪ್ಪ ಬರೆದಿದ್ದು, ಊರು ಬಿದ್ರೆ ನನ್ನನ್ನ ಗುಂಡಿಟ್ಟು ಕೊಲ್ತಾರೆ, ನನ್ನ ಮಗ ಯಾರ ಕೈಗೆ ಸಿಗ್ತಾನೋ ಅವ್ರು ಅವನನ್ನ ನೋಡ್ಕೊಳ್ಳಿ ಅಂತ. ಅಲ್ಲಿಂದ ಹುಟ್ಟಿದ್ದು ಈಗ ಪ್ಲಾನ್ ಇಂಟರ್‌ನ್ಯಾಷನಲ್ ಅಂತಾರಲ್ಲ ಅದು, ಕ್ರೈಸ್ತ ಸಂಸ್ಥೆ ಅಲ್ಲ. ಕ್ರೈಸ್ತರ ಕಡೆ ಬಂದ್ರೆ ಬಾಬ್ ಪಿಯರ್ಸ್ ಅನ್ನೋ ಅಮೆರಿಕದ ಬೋಧಕ, 1947ರಲ್ಲಿ ಚೀನಾಕ್ಕೆ ಹೋಗಿದ್ದಾಗ ಒಬ್ಬ ಮಿಷನರಿ ಟೀಚರಮ್ಮ, ಮನೆಯೋರೇ ಹೊರಗಾಕಿದ್ದ ಒಂದು ಹೆಣ್ಣುಮಗೂನ ಇವನ ಕೈಗೆ ಕೊಟ್ಟು ಈಗ ನೀನೇನ್ ಮಾಡ್ತೀಯಾ ಅಂತ ಕೇಳಿದ್ಲಂತೆ. ಪ್ರಸಂಗ ಮಾಡೋದು ಸುಲಭ ನೋಡಿ, ಅದು ಮುಗಿದ್ಮೇಲೆ ಈ ತರ ಯಾರಾದ್ರೂ ಕೇಳಿದ್ರೆ ಕಷ್ಟ. ಜೇಬಲ್ಲಿದ್ದ 5 ಡಾಲರ್ ಕೊಟ್ಟ, ಪ್ರತಿ ತಿಂಗಳೂ ಅಷ್ಟೇ ಕಳಿಸ್ತೀನಿ ಅಂದ. 1950ರಲ್ಲಿ ವರ್ಲ್ಡ್ ವಿಷನ್ ಕಟ್ಟಿದ್ದು ಇವನೇ. 1952ರಲ್ಲಿ ಕೊರಿಯಾದಲ್ಲಿ ಸೈನಿಕರಿಗೆ ಬೋಧನೆ ಮಾಡೋಕೆ ಹೋದ ಎವೆರೆಟ್ ಸ್ವಾನ್ಸನ್ ಬೀದೀಲಿ ಸಾಯ್ತಿದ್ದ ಅನಾಥ ಮಕ್ಕಳನ್ನ ನೋಡಿ ಶುರು ಮಾಡಿದ್ದು ಕಂಪ್ಯಾಶನ್ ಅನ್ನೋ ಸಂಸ್ಥೆ. ನಂಗೆ ಇದ್ರಲ್ಲಿ ಮುಖ್ಯ ಅನ್ಸೋದು ಆ "ಪ್ರತಿ ತಿಂಗಳೂ" ಅನ್ನೋದು. ಒಂದ್ಸಲ ಕೊಟ್ಟು ಕೈ ತೊಳ್ಕೊಳ್ಳೋದು ನಮಗೆಲ್ಲ ಬರುತ್ತೆ, 2018ರ ಆಗಸ್ಟಲ್ಲಿ ಗುಡ್ಡ ಕುಸಿದಾಗ ಮಡಿಕೇರಿಗೆ ಲೋಡುಗಟ್ಲೆ ಬಟ್ಟೆ ಬಿಸ್ಕೆಟ್ಟು ಬಂದು ಬಿದ್ವು, ಮುಂದಿನ ವರ್ಷ ಅದೇ ಮಕ್ಕಳ ಫೀಸ್ ಬಗ್ಗೆ ಕೇಳೋಕೆ ಬಂದ ಲಾರಿ ಎಷ್ಟು?

ಇನ್ನು ನಮ್ಮ ಕೊಡಗಿಗೆ ಇದೆಲ್ಲ ಹೊಸದು ಅಂದ್ಕೋಬೇಡಿ. ಜರ್ಮನಿಯ ಮಿಷನರಿ ಮೋಗ್ಲಿಂಗ್ ಅಂದ್ರೆ ಎಲ್ರಿಗೂ ಮಂಗಳೂರ ಸಮಾಚಾರ, ಕನ್ನಡದ ಮೊದಲ ಪತ್ರಿಕೆ, 1843, ಕ್ವಿಜ್‌ಗೆ ಓದಿರ್ತೀರಿ. ಅದೇ ಮನುಷ್ಯ 1853ರಲ್ಲಿ ಕೊಡಗಿಗೆ ಬಂದ, ಅಮ್ಮತ್ತಿ ಹತ್ರ ಆನಂದಪುರ ಇದ್ಯಲ್ಲ, ಅದು ಅವನು ಕಟ್ಟಿದ್ದು, ಯಾರಿಗೋಸ್ಕರ ಅಂದ್ರೆ ತಲೆತಲಾಂತರದಿಂದ ಜಮೀನಿನ ಜೊತೆ ಆಳಾಗಿದ್ದ ಹೊಲೆಯರ ಕುಟುಂಬಗಳಿಗೋಸ್ಕರ. ಬರೀ ಬೋಧನೆ ಮಾಡಿದ್ರೆ ಇವ್ರಿಗೆ ಊಟ ಎಲ್ಲಿಂದ ಅಂತ ಅವನಿಗೆ ಗೊತ್ತಾಯ್ತು, ಅದಕ್ಕೆ ಕಾಫಿ ತೋಟಾನೇ ಮಾಡೋಕೆ ಹೊರಟ. ಕೊಡಗಲ್ಲಿ ಯುರೋಪಿಯನ್ನರ ಮೊದಲ ಎಸ್ಟೇಟ್ ಮಡಿಕೇರೀಲಿ ಫೌಲರ್ ಅನ್ನೋನು ಶುರು ಮಾಡಿದ್ದು 1854ರಲ್ಲಿ, ಅಂದ್ರೆ ಇವನು ಎಷ್ಟು ಬೇಗ ಕೈ ಹಾಕಿದಾನೆ ನೋಡಿ. ಲೆಕ್ಕಾಚಾರದಲ್ಲಿ ಪಾಪ ಅವನು ಗಟ್ಟಿಗನಲ್ಲ, ತೋಟ ಸಾಲಕ್ಕೆ ಸಿಕ್ತು, 1860ರಲ್ಲಿ ಹೆಂಡತಿ ಕಾಯಿಲೆ ಅಂತ ಜರ್ಮನಿಗೆ ವಾಪಸ್ ಹೋದ. ಆದ್ರೆ ಊರು ಉಳೀತು.

ಈಗ ಪ್ರಾಜೆಕ್ಟ್ ಒಳಗೆ ಏನಾಗುತ್ತೆ ಅಂತ. ಎರಡು ತರ ಇದೆ. ಕೆಲವು ಸಂಸ್ಥೆ ಸ್ಪಾನ್ಸರ್ ದುಡ್ಡೆಲ್ಲ ಒಟ್ಟು ಸೇರ್ಸಿ ಆ ಏರಿಯಾಕ್ಕೆ ಬೋರ್‌ವೆಲ್, ಸ್ಕೂಲ್ ರಿಪೇರಿ, ಹೆಂಗಸರ ಸಂಘ ಅಂತ ಹಾಕ್ತಾರೆ, ಮಗುವಿನ ಫೋಟೋ ಆ ಊರಿನ ಪರವಾಗಿ ಹೋಗೋದು. ಇನ್ನು ಕೆಲವರದ್ದು ಸ್ಥಳೀಯ ಚರ್ಚಿನ ಮೂಲಕ, ಆ ಮಗುವಿಗೇ ಅಂತ ಟ್ಯೂಷನ್, ಊಟ, ಡಾಕ್ಟರ್ ಚೆಕಪ್, ಫೀಸ್. ನಾನು ನೋಡಿದ್ದು ಎರಡನೇದು. ಅಪ್ಪ ಅಮ್ಮನ ಕೈಗೆ ನೋಟು ಕೊಡೋ ಪದ್ಧತಿ ಇರ್ಲಿಲ್ಲ, ಜನ ಇವತ್ತಿಗೂ ಅಮೆರಿಕದಿಂದ ದುಡ್ಡು ಬಂದು ಮನೆಗೆ ಬೀಳುತ್ತೆ ಅಂದ್ಕೊಂಡಿದಾರೆ.

ಶನಿವಾರ ಮಧ್ಯಾಹ್ನ ಪತ್ರ ಬರೆಯೋ ಹೊತ್ತು. ಚಾಪೆ ಹಾಸಿ ಮಕ್ಳು ಬೋರಲಾಗಿ ಮಲಗಿ ಬರೆಯೋವು, ಮಧ್ಯ ಒಂದು ಕ್ರೇಯಾನ್ ಡಬ್ಬ, ಅದ್ರಲ್ಲಿ ಹಸಿರು ಯಾವಾಗಲೂ ಮೊದ್ಲು ಖಾಲಿ, ಕೊಡಗಿನ ಮಕ್ಳಲ್ವ. ಬೇಗ ಬೇಗ ಬರೀರಿ ಅಂತ ನಾವು ಅವಸರ ಮಾಡ್ತಿದ್ವಿ ಯಾಕಂದ್ರೆ ಮೂರೂವರೆಗೆ ಬಿಡ್ಬೇಕು, ಕತ್ಲಾದ್ರೆ ತೋಟದ ದಾರೀಲಿ ಆನೆ. ಎರವರು ಅನ್ನೋ ಬುಡಕಟ್ಟಿನ ಮಕ್ಕಳಿಗೆ ಮನೆ ಮಾತೇ ಬೇರೆ, ಅವಕ್ಕೆ ಕನ್ನಡ ಬರೆಯೋದು ಎರಡನೇ ಕೆಲಸ, ಒಬ್ಬ ಹುಡುಗ ಇಡೀ ಹಾಳೆ ಬಿಟ್ಟು ಮೂಲೇಲಿ ಇರುವೆ ತರ ನಾಲ್ಕು ಸಾಲು ಬರೆಯೋನು, ಹೆದರಿ. ಆ ಹುಡುಗನಿಗೆ ಸ್ಪಾನ್ಸರ್ ಕಡೆಯಿಂದ ದೊಡ್ಡೋನಾದ್ಮೇಲೆ ಏನಾಗ್ತೀಯ ಅಂತ ಬಂದಿತ್ತು. ಅವನು ಯೋಚನೆ ಮಾಡಿ ಎಸ್ಟೇಟ್ ರೈಟರ್ ಅಂದ, ತೋಟದಲ್ಲಿ ಹಾಜರಿ ಬರೆಯೋನು. ಯಾಕಪ್ಪ ಅಂದ್ರೆ, ರೈಟರ್ ಹತ್ರ ಬೈಕಿದೆ, ಕಂಕುಳಲ್ಲಿ ದಪ್ಪ ಪುಸ್ತಕ ಇಟ್ಕೊಂಡಿರ್ತಾನೆ, ಅಪ್ಪನ ಹೆಸರು ಅವನೇ ಕೂಗೋದು, ಕೂಗಿಲ್ಲ ಅಂದ್ರೆ ಅವತ್ತಿನ ಕೂಲಿ ಇಲ್ಲ. ಮಗು ತಾನು ನೋಡಿದ ದೊಡ್ಡ ಮನುಷ್ಯನ್ನ ಹೇಳ್ತು, ಅದಕ್ಕಿಂತ ದೊಡ್ಡೋರು ಯಾರೂ ಅದರ ಲೈನಿಗೆ ಬಂದಿರಲಿಲ್ಲ. ಮುಂದಿನ ವರ್ಷ ಮತ್ತೆ ಅದೇ ಪ್ರಶ್ನೆ ಬಂತು, ಆ ವರ್ಷ ಫಾರೆಸ್ಟರ್ ಅಂದ. ಅದರ ಮುಂದಿನ ವರ್ಷ ಕೇಳೋಕೆ ಮುಂಚೆನೇ ಅವನು ಬಂದು, ಮಿಸ್ ಫಾರೆಸ್ಟರ್ ಆಗೋಕೆ ಸೈನ್ಸ್ ಬೇಕಾ ಅಂತ ಕೇಳ್ದ. ನಂಗೆ ಭರವಸೆ ಅಂದ್ರೆ ಕಣ್ಮುಂದೆ ಬರೋದು ಆ ಪ್ರಶ್ನೆ.

ಅವನು ಫಾರೆಸ್ಟರ್ ಆದ್ನಾ ಅಂದ್ರೆ ಇಲ್ಲ. ಒಂಬತ್ತನೇ ಕ್ಲಾಸಲ್ಲಿ ಅಪ್ಪ ಹಾಸಿಗೆ ಹಿಡಿದ, ಇವನು ಬಿಟ್ಟ. ಈಗ ಸಿಲ್ವರ್ ಮರಕ್ಕೆ ಏಣಿ ಹಾಕಿ ಮೆಣಸು ಕುಯ್ತಾನೆ, ಒಳ್ಳೆ ಕೆಲಸಗಾರ. ಆದ್ರೆ ತಂಗೀನ ಹಾಸ್ಟೆಲ್‌ಗೆ ಹಾಕೋಕೆ ಜಾತಿ ಸರ್ಟಿಫಿಕೇಟ್, ಆಧಾರ್ ಎಲ್ಲ ಹಿಡ್ಕೊಂಡು ನಾಡಕಚೇರಿಗೆ ಅಲೆದಿದ್ದು ಅವನೇ, ಬಿಡದೆ ಅಲೆದ, ಅವ್ಳು ಪಿಯುಸಿ ಮುಗಿಸಿದ್ಲು. ರಿಪೋರ್ಟಲ್ಲಿ ಈ ಹುಡುಗನ ಕಾಲಂನಲ್ಲಿ ಡ್ರಾಪೌಟ್ ಅಂತ ಇರುತ್ತೆ, ತಂಗಿ ಸ್ಪಾನ್ಸರ್ ಮಗು ಅಲ್ವಲ್ಲ, ಹಾಗಾಗಿ ಅವಳಿಗೆ ಕಾಲಮ್ಮೇ ಇಲ್ಲ.

ಇದೆಲ್ಲ ನಿಮ್ಮ ಅನುಭವ, ಪುರಾವೆ ಏನು ಅಂತ ಯಾರಾದ್ರೂ ಕೇಳ್ಬೇಕು, ಕೇಳಿ. 2013ರಲ್ಲಿ ಬ್ರೂಸ್ ವೈಡಿಕ್, ಪಾಲ್ ಗ್ಲೆವೆ, ಲೇನ್ ರಟ್ಲೆಜ್ ಅಂತ ಮೂವರು ಅರ್ಥಶಾಸ್ತ್ರಜ್ಞರು ಕಂಪ್ಯಾಶನ್ ಸಂಸ್ಥೆ ಕೆಲಸದ ಮೇಲೆ ಒಂದು ಅಧ್ಯಯನ ಹೊರಗೆ ತಂದ್ರು, ಆರು ದೇಶ, ಅದ್ರಲ್ಲಿ ನಮ್ಮ ಇಂಡಿಯಾನೂ ಇತ್ತು, ಹತ್ತು ಸಾವಿರಕ್ಕೂ ಜಾಸ್ತಿ ಜನರ ಮಾಹಿತಿ. ಅವ್ರು ಮಾಡಿದ್ದು ಬುದ್ಧಿವಂತಿಕೆ. ಪ್ರಾಜೆಕ್ಟ್ ಊರಿಗೆ ಬಂದಾಗ 12 ವರ್ಷದ ಒಳಗಿನ ಮಕ್ಕಳನ್ನ ಮಾತ್ರ ಸೇರಿಸ್ಕೊಳ್ತಿದ್ರು, ಅಂದ್ರೆ ಒಂದೇ ಮನೇಲಿ ತಮ್ಮ ಸೇರಿರ್ತಾನೆ, ಅಣ್ಣ ವಯಸ್ಸು ದಾಟಿ ಹೊರಗುಳಿದಿರ್ತಾನೆ, ಅದೇ ಅಪ್ಪ ಅಮ್ಮ ಅದೇ ಬಡತನ. ಅವ್ರೆಲ್ಲ ದೊಡ್ಡೋರಾದ್ಮೇಲೆ ಹೋಗಿ ಹೋಲಿಸಿ ನೋಡಿದ್ರು. ಸ್ಪಾನ್ಸರ್ ಆದ ಮಕ್ಕಳು ಒಂದರಿಂದ ಒಂದೂವರೆ ವರ್ಷದಷ್ಟು ಜಾಸ್ತಿ ಓದಿದ್ರು, ಹೈಸ್ಕೂಲ್ ಮಟ್ಟದ ಓದು ಮುಗಿಸೋ ಸಾಧ್ಯತೆ 12ರಿಂದ 18 ಶೇಕಡಾ ಅಂಶ ಜಾಸ್ತಿ, ಸಂಬಳದ ಕೆಲಸ ಸಿಕ್ಕಿರೋದೂ ಜಾಸ್ತಿ. ಒಂದೂವರೆ ವರ್ಷ ಅಷ್ಟೇನಾ ಅನ್ಬೇಡಿ. ನಮ್ಮ ಕಡೆ ಎಂಟನೇ ಕ್ಲಾಸಿಗೂ ಹತ್ತಕ್ಕೂ ಮಧ್ಯ ಇರೋದೇ ಹತ್ತಿರ ಹತ್ತಿರ ಅಷ್ಟು, ಮದುವೆ ಮಾಡೋದೂ ಆ ಹೊತ್ತಲ್ಲೇ.

ಆಮೇಲೆ ಇದೇ ಗುಂಪಿನವರು ಇಂಡೋನೇಷ್ಯಾದ ಜಕಾರ್ತಾ ಸ್ಲಮ್ಮಲ್ಲಿ ಮಕ್ಕಳಿಗೆ ಕಲರ್ ಪೆನ್ಸಿಲ್ ಕೊಟ್ಟು ನಿಮ್ಮ ಚಿತ್ರ ನೀವೇ ಬರೀರಿ ಅಂದ್ರು. ಮನೋವಿಜ್ಞಾನದಲ್ಲಿ ಇದಕ್ಕೆ ಲೆಕ್ಕ ಇದೆ, ಮುಖ ಇಲ್ದೆ ಇರೋದು, ತೀರಾ ಪುಟ್ಟದಾಗಿ ಬರೆಯೋದು, ಬರೀ ಕಪ್ಪು ಬಣ್ಣ, ಇವೆಲ್ಲ ಏನೇನು ಹೇಳುತ್ತೆ ಅಂತ. ಸ್ಪಾನ್ಸರ್ ಆಗಿದ್ದ ಮಕ್ಕಳ ಚಿತ್ರದಲ್ಲಿ ಭರವಸೆ ಜಾಸ್ತಿ ಕಂಡಿತು. ನಾನು ಇದನ್ನ ಓದಿದಾಗ ಮೂಲೇಲಿ ನಾಲ್ಕು ಸಾಲು ಬರೆಯೋ ನಮ್ಮ ಹುಡುಗನ್ನ ನೆನೆಸ್ಕೊಂಡೆ, ಅವನ ಅಕ್ಷರ ಎರಡು ವರ್ಷದಲ್ಲಿ ಹಾಳೆ ತುಂಬ ಬಂದಿತ್ತು.

ಈಗ ಬೈಯೋ ವಿಷಯಕ್ಕೆ ಬರ್ತೀನಿ, ಬೈಬೇಕಾದ್ದೂ ಇದೆ. 1998ರಲ್ಲಿ ಚಿಕಾಗೋ ಟ್ರಿಬ್ಯೂನ್ ಪತ್ರಿಕೆಯವರು ತಾವೇ ಮಕ್ಕಳನ್ನ ಸ್ಪಾನ್ಸರ್ ಮಾಡಿ, ಆಮೇಲೆ ಆ ಮಕ್ಕಳನ್ನ ಹುಡ್ಕೊಂಡು ಹೋದ್ರು. ಮಾಲಿ ದೇಶದಲ್ಲಿ ಒಂದು ಹುಡುಗಿ ಸತ್ತೇ ಹೋಗಿದ್ಲು, ಆದ್ರೂ ಸಂಸ್ಥೆಯೋರು ಸ್ಪಾನ್ಸರ್ ಹತ್ರ ದುಡ್ಡು ತಗೊಳ್ತಾನೇ ಇದ್ರು. ಅದಾದ್ಮೇಲೆ ಸಂಸ್ಥೆಗಳು ಸ್ವಲ್ಪ ಎಚ್ಚರ ಆದ್ವು. ಇನ್ನೊಂದು ಮನೆಯೊಳಗಿನದ್ದು, ಒಂದು ಮಗೂಗೆ ಹೊಸ ಶೂ ಬರುತ್ತೆ ಪಕ್ಕದಲ್ಲಿ ಮಲಗೋ ಮಗೂಗೆ ಇಲ್ಲ, ಒಬ್ಳು ತಾಯಿ ನೋಟ್‌ಬುಕ್ಕಿನ ಪಿನ್ ಬಿಚ್ಚಿ ಸರಿ ಅರ್ಧ ಮಾಡಿ ಸೂಜಿದಾರದಲ್ಲಿ ಹೊಲಿದು ಇಬ್ರಿಗೂ ಕೊಟ್ಟಿದ್ಲು, ಆ ಹೊಲಿಗೆ ಪುಸ್ತಕಕ್ಕೆ ಸ್ಕೂಲಲ್ಲಿ ಬೈಗುಳ ಬೇರೆ. ಫೋಟೋ ವಿಷಯನೂ ಹಾಗೇ, ನಗ್ತಿರೋ ಮಗೂನ ಅಳೋ ಹಾಗೆ ನಿಲ್ಸಿ ಫೋಟೋ ತೆಗೆಯೋರನ್ನ ನಂಗೆ ಕಂಡ್ರೆ ಆಗಲ್ಲ.

ಮತ್ತೆ ಮತಾಂತರ. ಈ ಹಾಲಲ್ಲಿ ಅದನ್ನ ಮಾತಾಡ್ಲೇಬೇಕು, ಹೊರಗೆ ಎಲ್ರೂ ಮಾತಾಡ್ತಿದಾರೆ. ನನ್ನ ಮಾತು ಸಿಂಪಲ್ಲು, ಪ್ರಾರ್ಥನೆಗೆ ಬಂದ್ರೆ ಬ್ಯಾಗು ಅಂತ ಯಾರಾದ್ರೂ ಅಂದ್ರೆ ಅದು ವ್ಯಾಪಾರ, ಅವ್ರು ಮಗೂಗೂ ಮೋಸ ಮಾಡಿದ್ರು ಪ್ರಾರ್ಥನೆಗೂ ಮೋಸ ಮಾಡಿದ್ರು. ಯಾಕೋಬನ ಪತ್ರಿಕೆ ಎರಡನೇ ಅಧ್ಯಾಯ ಓದಿ, ಬಟ್ಟೆ ಇಲ್ದೋರಿಗೆ ಊಟ ಇಲ್ದೋರಿಗೆ ಹೋಗಿ ಬೆಚ್ಚಗಿರಿ ಅಂತ ಬಾಯಲ್ಲಿ ಹೇಳಿದ್ರೆ ಏನು ಪ್ರಯೋಜನ ಅಂತ ಕೇಳುತ್ತೆ, ಬಟ್ಟೆ ಕೊಡೋಕೆ ಮುಂಚೆ ಯಾವ ಜಾತಿ ಅಂತ ಕೇಳು ಅನ್ನಲ್ಲ. ಧರ್ಮೋಪದೇಶಕಾಂಡ 24ರಲ್ಲಿ ಆಲಿವ್ ಮರ ಒಂದ್ಸಲ ಬಡಿದ್ಮೇಲೆ ಎರಡನೇ ಸಲ ಹೋಗ್ಬೇಡ, ಮಿಕ್ಕಿದ್ದು ಪರದೇಶಿಗೆ, ಅನಾಥನಿಗೆ, ವಿಧವೆಗೆ ಅಂತಿದೆ. ಪರದೇಶಿ ಅಂತ ಮೊದ್ಲು ಬರುತ್ತೆ ಗಮನಿಸಿ, ಈಗ ನಮ್ಮ ತೋಟಗಳಲ್ಲಿ ಅಸ್ಸಾಮಿಂದ ಬಂದಿರೋರ ಮಕ್ಳು ಎಷ್ಟಿದಾವೆ! (ಇಲ್ಲಿ ಸಾವ್ಕಾರ್ರು ನಾಲ್ಕೈದು ಜನ ಕೂತಿದೀರಿ, ಕುಯ್ಲಾದ್ಮೇಲೆ ನೆಲಕ್ಕೆ ಬಿದ್ದ ಕಾಫಿ ಒಂದೊಂದೂ ಹೆಕ್ಸ್ತೀರಿ, ನಾನೇನೂ ಹೇಳಲ್ಲ.)

ಹೊರಗಿನ ದುಡ್ಡಿನ ಕಾಲ ಮುಗೀತಾ ಬಂತು ಅನ್ನೋದು ನಿಮಗೂ ಗೊತ್ತು. 2016ರಲ್ಲಿ ಕೇಂದ್ರ ಗೃಹ ಇಲಾಖೆ ಕಂಪ್ಯಾಶನ್‌ಗೆ ಹಣ ತರ್ಸೋಕೆ ಮೊದಲೇ ಅನುಮತಿ ಬೇಕು ಅಂತ ಮಾಡ್ತು, ಮತಾಂತರಕ್ಕೆ ಬಳಸ್ತಾರೆ ಅನ್ನೋ ಆರೋಪ, ಸಂಸ್ಥೆ ಅದನ್ನ ಒಪ್ಪಲಿಲ್ಲ, 2017ರ ಮಾರ್ಚಲ್ಲಿ ಇಂಡಿಯಾದಲ್ಲಿ ಕೆಲಸ ನಿಲ್ಸಿದ್ರು. ಆಗ ದೇಶದಲ್ಲಿ ಅವರ ಹತ್ರ ಇದ್ದ ಮಕ್ಕಳು ಸುಮಾರು 1.45 ಲಕ್ಷ. 2020ರಲ್ಲಿ ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆಯ ಕಾನೂನು ತಿದ್ದಿದ್ರು, ಒಂದು ಸಂಸ್ಥೆ ತಂದ ವಿದೇಶಿ ಹಣಾನ ಇನ್ನೊಂದು ಸಂಸ್ಥೆಗೆ ಹಂಚೋ ಹಾಗಿಲ್ಲ, ಆಫೀಸ್ ಖರ್ಚು 50ರಿಂದ 20 ಪರ್ಸೆಂಟಿಗೆ, ಅಕೌಂಟ್ ದೆಹಲಿ ಎಸ್‌ಬಿಐನಲ್ಲೇ ಇರ್ಬೇಕು. 2024ರಲ್ಲಿ ವರ್ಲ್ಡ್ ವಿಷನ್ ಇಂಡಿಯಾದ ಎಫ್‌ಸಿಆರ್‌ಎ ನೋಂದಣಿಯೂ ರದ್ದಾಯ್ತು. ಸರ್ಕಾರ ಸರಿನಾ ತಪ್ಪಾ ಅನ್ನೋ ಚರ್ಚೆ ಬೇರೆ ದಿನಕ್ಕಿರ್ಲಿ. ನಂಗೆ ಬೇಜಾರಾಗೋದು ನಿಲ್ಲಿಸಿದ ರೀತಿಗೆ, ಪತ್ರ ಬರೀತಿದ್ದ ಮಗೂಗೆ ಉತ್ತರ ಬರೋದು ಇದ್ದಕ್ಕಿದ್ದ ಹಾಗೆ ನಿಂತು ಹೋಗುತ್ತೆ, ಅದಕ್ಕೆ ಎಫ್‌ಸಿಆರ್‌ಎ ಅಂದ್ರೆ ಏನು ಗೊತ್ತು, ತಾನೇ ಏನೋ ತಪ್ಪು ಬರೆದೆ ಅಂದ್ಕೊಳ್ಳುತ್ತೆ.

ಹಾಗಾದ್ರೆ ಈಗ ಯಾರು ಕೇಳ್ಬೇಕು? ನಾವೇ. ಇದಕ್ಕೆ ಡಾಲರ್ ಬೇಡ. ಮೊದ್ಲು ಸರ್ಕಾರದ್ದೇ ಇದೆ ಅದನ್ನ ತಗೊಳ್ಳಿ. ಮಿಷನ್ ವಾತ್ಸಲ್ಯ ಅನ್ನೋ ಯೋಜನೇಲಿ ಪ್ರಾಯೋಜಕತ್ವ ಅಂತ ಇದೆ, ಒಂದು ಮಗೂಗೆ ತಿಂಗಳಿಗೆ 4,000 ರೂಪಾಯಿ. ಅಪ್ಪ ಇಲ್ದೆ ತಾಯಿ ಒಬ್ಳೇ ಸಾಕ್ತಿರೋ ಮಗು, ಅಪ್ಪ ಅಮ್ಮ ಇಬ್ರೂ ಇಲ್ದೆ ಅಜ್ಜಿ ಮನೇಲಿರೋದು, ಹೆತ್ತೋರಿಗೆ ಜೀವಕ್ಕೇ ಕುತ್ತಿರೋ ಕಾಯಿಲೆ ಇರೋದು, ಇಂಥೋರಿಗೆ. ಹಳ್ಳೀಲಾದ್ರೆ ಮನೆ ವರಮಾನ ವರ್ಷಕ್ಕೆ 72,000 ದಾಟಿರಬಾರ್ದು. ಮಡಿಕೇರೀಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ. ಲೈನಲ್ಲಿರೋ ವಿಧವೆಯರಿಗೆ ಇದು ಗೊತ್ತೇ ಇರಲ್ಲ, ಗೊತ್ತಾದ್ರೂ ಒಂದು ದಿನದ ಕೂಲಿ ಬಿಟ್ಟು ಬಸ್ ಚಾರ್ಜ್ ಹಾಕಿ ಮಡಿಕೇರಿಗೆ ಹೋಗ್ಬೇಕು, ಹೋದ್ರೆ ಒಂದು ಕಾಗದ ಕಮ್ಮಿ ಅಂತ ವಾಪಸ್ ಕಳಿಸ್ತಾರೆ. ಆ ಓಡಾಟ ಚರ್ಚಿನ ಯೂತ್‌ನವ್ರು ಮಾಡ್ಲಿ, ಕ್ರಿಸ್ಮಸ್ ಕ್ಯಾರಲ್ಸ್‌ಗೆ ರಾತ್ರಿ ಎಲ್ಲ ಜೀಪಲ್ಲಿ ಸುತ್ತೋಕೆ ಶಕ್ತಿ ಇದ್ಯಲ್ಲ.

ಅದಕ್ಕೂ ಸೇರದೇ ಇರೋ ಮಕ್ಳಿಗೆ ನಾವು. ಒಂದು ಕುಟುಂಬ ಒಂದು ಮಗು. ಎಷ್ಟು ಕೊಡ್ತೀರಿ ಅನ್ನೋದಕ್ಕಿಂತ ಎಷ್ಟು ವರ್ಷ ಅಂತ ಮೊದ್ಲು ಹೇಳಿ, ಹತ್ತನೇ ಕ್ಲಾಸ್ ತನಕ ಆಗಲ್ಲ ಅಂದ್ರೆ ಶುರು ಮಾಡ್ಬೇಡಿ, ಅರ್ಧಕ್ಕೆ ಬಿಡೋದಕ್ಕಿಂತ ಕೈ ಹಾಕದೆ ಇರೋದು ಮೇಲು. ಕುಯ್ಲು ಸೀಸನ್ನಲ್ಲಿ ಸ್ಕೂಲಿಗೆ ಹೋಗಿ ಹಾಜರಿ ನೋಡಿ ಬನ್ನಿ. ಮೇಸ್ತ್ರಿ ಕರ್ದ ಅಂತ ಆ ಮನೆಯೋರು ತೋಟ ಬದಲಾಯಿಸಿದ್ರೆ ಎಲ್ಲಿಗೆ ಹೋದ್ರು ಅಂತ ಹುಡುಕಿ, ಮಕ್ಳು ಓದು ಬಿಡೋದು ಜಾಸ್ತಿ ಅಲ್ಲೇ, ಹಳೇ ಸ್ಕೂಲಲ್ಲಿ ಟೀಸಿ ತಗೊಂಡಿರಲ್ಲ ಹೊಸದಕ್ಕೆ ಸೇರ್ಸಿರಲ್ಲ, ಒಂದು ಮಳೆಗಾಲ ಕಳೆಯೋಷ್ಟರಲ್ಲಿ ಮಗು ತೋಟಕ್ಕೆ ಹೊಂದ್ಕೊಂಡಿರುತ್ತೆ.

ಮಾತು ಮುಗಿದ್ಮೇಲೆ ಹಿಂದೆ ಕೂತಿದ್ದ ಒಬ್ಬ ಅಣ್ಣ ಎದ್ದು ಕೇಳಿದ್ರು, ಮಿಸ್ ಎಲ್ಲ ಸರಿ, ಆ ಮಗುವಿನ ಅಪ್ಪ ಕುಡಿದು ಕಳೆದ್ರೆ ನಮ್ಮ ದುಡ್ಡು ನೀರಿಗೆ ಹಾಕ್ದಂಗೆ ಅಲ್ವಾ ಅಂತ. ನ್ಯಾಯವಾದ ಪ್ರಶ್ನೆ. ಕೈಗೆ ಕೊಡ್ಬೇಡಿ ಅಣ್ಣ, ಫೀಸು ಸ್ಕೂಲಿಗೆ ಕಟ್ಟಿ, ಬಸ್ ಪಾಸ್ ನೀವೇ ಮಾಡ್ಸಿ, ತಾಯಿ ಹೆಸರಲ್ಲಿ ಅಕೌಂಟ್ ಮಾಡ್ಸಿ ಪಾಸ್‌ಬುಕ್ ಚರ್ಚಿನ ಅಲ್ಮೆರಾದಲ್ಲಿ ಇಡ್ಬೇಕಾ ಅಂತ ಅವಳನ್ನೇ ಕೇಳಿ, ಕೆಲವ್ರು ಹೂಂ ಅಂತಾರೆ. ಮತ್ತೆ ಆ ಅಪ್ಪನ್ನ ಬಿಟ್ಬಿಡಬೇಡಿ, ವರ್ಷಕ್ಕೊಂದ್ಸಲ ರಿಪೋರ್ಟ್ ಕಾರ್ಡ್ ಕೊಡೋ ದಿನ ಅವನನ್ನೇ ಕರೀರಿ, ಕುಡ್ದೇ ಬಂದ್ರೂ ಕುರ್ಚಿ ಹಾಕಿ ಕೂರ್ಸಿ ಅಂದೆ. ಅವ್ರು ಆಯ್ತು ಅಂತ ಕೂತ್ರು, ಅಷ್ಟರಲ್ಲಿ ಕರೆಂಟ್ ಬಂತು, ಹೆಸರು ಬರ್ಕೊಳ್ಳೋ ಪುಸ್ತಕ ತಗೊಂಡು ಕಾರ್ಯದರ್ಶಿ ಮೊದಲನೇ ಸಾಲಿಂದ ಶುರು ಮಾಡಿದ್ರು.